ಕೈಗೊಂಡ ಬರಹವೂ ಕರೆಯುವ ಹೊಸ ಯೋಚನೆಯೂ



ಬರೆಯತೊಡಗುವವರು ಬಹಳ ಮಂದಿ. ಬರೆದು ಮುಗಿಸುವವರು ಕೆಲವರು. ಮಕ್ಕಳ ಕೈಬರಹದ ಪುಸ್ತಕಗಳನ್ನು ತಿರುವಿ ನೋಡಿದರೆ ಇದು ತಾನಾಗಿ ತಿಳಿಯುತ್ತದೆ. ಮೊದಲ ಪುಟದಲ್ಲಿ ದುಂಡಾದ ಅಕ್ಷರಗಳ ತಲೆಬರಹ, ಅದರ ಕೆಳಗೆ ಅಂದವಾದ ಎರಡು ಗೆರೆ. ಎರಡನೆಯ ಮೂರನೆಯ ಪುಟಗಳಲ್ಲಿ ಉತ್ಸಾಹ. ಐದನೆಯ ಪುಟದಲ್ಲಿ ಅವಸರ. ಅನಂತರ ಬರಿಯ ಬಿಳಿಯ ಹಾಳೆಗಳು. ಹಿರಿಯರು ಇದನ್ನು ಆರಂಭಶೂರತ್ವವೆಂದು ಕರೆದು, ಸೋಮಾರಿತನವೇ ಇದರ ಮೂಲವೆನ್ನುತ್ತಾರೆ. ನಾವು ಕಂಡಮಟ್ಟಿಗೆ ಈ ನಿರ್ಣಯವು ಪೂರ್ಣವಾಗಿ ಸರಿಯಲ್ಲ. ಐದನೆಯ ಪುಟದಲ್ಲಿ ನಿಲ್ಲಿಸಿದ ಹುಡುಗನು ಅನೇಕ ವೇಳೆ ಸುಮ್ಮನೆ ಕುಳಿತಿರುವುದಿಲ್ಲ. ಅವನು ಇನ್ನೊಂದು ಪುಸ್ತಕದ ಮೊದಲ ಪುಟದಲ್ಲಿ ದುಂಡಾದ ಅಕ್ಷರಗಳಿಂದ ಇನ್ನೊಂದು ತಲೆಬರಹವನ್ನು ಬರೆಯುತ್ತಿರುತ್ತಾನೆ. ಅವನನ್ನು ಸೆಳೆದುಕೊಂಡು ಹೋದುದು ಆಲಸ್ಯವಲ್ಲ, ಹೊಸ ಯೋಚನೆ.

ಭರ್ತೃಹರಿಯು ತನ್ನ ನೀತಿಶತಕದಲ್ಲಿ ಜನರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ವಿಘ್ನದ ಭಯದಿಂದ ಕೆಲಸವನ್ನೇ ತೊಡಗದವರು ಕೆಳಗಿನವರು; ತೊಡಗಿ, ವಿಘ್ನ ಬಂದೊಡನೆ ನಿಲ್ಲಿಸುವವರು ನಡುವಣವರು; ವಿಘ್ನಗಳು ಮತ್ತೆ ಮತ್ತೆ ಬಂದರೂ ತೊಡಗಿದುದನ್ನು ಬಿಡದವರು ಉತ್ತಮರು. ಆದರೆ ಬರಹಗಾರನಿಗೆ ಬರುವ ವಿಘ್ನದಲ್ಲಿ ಒಂದು ವಿಶೇಷವಿದೆ. ಮಳೆ, ಜ್ವರ, ಬಡತನ, ಪರೀಕ್ಷೆ ಮೊದಲಾದ ವಿಘ್ನಗಳನ್ನು ನಾವು ವಿಘ್ನಗಳೆಂದು ಗುರುತಿಸಬಲ್ಲೆವು. ಹೊಸ ಯೋಚನೆಯು ಮಾತ್ರ ಸ್ನೇಹಿತನ ವೇಷದಲ್ಲಿ ಬರುತ್ತದೆ. ‘ನಾನೂ ಬರವಣಿಗೆಯೇ, ನೀನು ಬರವಣಿಗೆಯನ್ನು ಬಿಡುತ್ತಿಲ್ಲ, ಇನ್ನೂ ಒಳ್ಳೆಯದನ್ನು ಹಿಡಿಯುತ್ತಿದ್ದೀಯೆ’ ಎಂದು ಅದು ನಮ್ಮನ್ನು ಒಪ್ಪಿಸುತ್ತದೆ. ಆದುದರಿಂದಲೇ ಅದನ್ನು ಎದುರಿಸುವ ಬಗೆಯನ್ನು ಒಂದು ಪಾಠದಂತೆ ಕಲಿಯಬೇಕಾಗಿದೆ.

ಹೊಸದು ಏಕೆ ಸುಂದರ?

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಬೆಟ್ಟವು ನುಣ್ಣಗಾಗಿರುವುದು ಅದರ ಗುಣದಿಂದಲ್ಲ, ದೂರದಿಂದ. ಹತ್ತಿರ ಹೋದವನಿಗೆ ಅಲ್ಲಿಯ ಕಲ್ಲುಮುಳ್ಳು ಕಾಣುತ್ತದೆ. ನಾವು ಬರೆಯುತ್ತಿರುವ ಬರಹವು ಹತ್ತಿರದ ಬೆಟ್ಟ. ಅದರ ಕುಂದುಗಳೆಲ್ಲ ನಮಗೆ ತಿಳಿದಿವೆ. ಮೂರನೆಯ ಅಧ್ಯಾಯದಲ್ಲಿ ಹೊಂದಿಕೊಳ್ಳದ ಸಂಗತಿ, ಸಿಕ್ಕದ ಇಸವಿ, ಎಷ್ಟು ಸಲ ತಿದ್ದಿದರೂ ನೇರವಾಗದ ವಾಕ್ಯ ಇವೆಲ್ಲ ಕಣ್ಣೆದುರಿಗಿವೆ. ಹೊಸ ಯೋಚನೆಗೆ ಇನ್ನೂ ಒಂದು ವಾಕ್ಯವೂ ಇಲ್ಲ. ಆದುದರಿಂದ ಅದರಲ್ಲಿ ಒಂದು ತಪ್ಪೂ ಇಲ್ಲ. ಬರೆದುದನ್ನು ಬರೆಯದುದರೊಡನೆ ತೂಗಿದರೆ ಬರೆದುದೇ ಯಾವಾಗಲೂ ಸೋಲುತ್ತದೆ. ಹೊಸದನ್ನು ಹಿಡಿದು ಐದು ಪುಟ ಬರೆದ ಮೇಲೆ ಅದೂ ಹತ್ತಿರದ ಬೆಟ್ಟವಾಗುತ್ತದೆ. ಆಗ ಮತ್ತೊಂದು ಬೆಟ್ಟವು ದೂರದಲ್ಲಿ ನುಣ್ಣಗೆ ಕಾಣತೊಡಗುತ್ತದೆ.

ಒಬ್ಬ ವಿದ್ಯಾರ್ಥಿಯು ತನ್ನ ಮನೆಯ ಅಡಿಕೆತೋಟದ ಮಾತುಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ಬರೆಯಲು ಹೊರಟನೆಂದು ಇಟ್ಟುಕೊಳ್ಳೋಣ. ಸೋಗೆ, ಹಾಳೆ, ಹಿಂಗಾರ, ಗೊನೆ, ಚಾಲಿ, ಹಾಳೆಯಿಂದ ಮಾಡುವ ಮುಟ್ಟಾಳೆ—ಹೀಗೆ ಅಜ್ಜಿಯನ್ನು ಕೇಳಿ ಕೇಳಿ ನಾಲ್ವತ್ತು ಮಾತುಗಳನ್ನು ಬರೆದನು. ಅಷ್ಟರಲ್ಲಿ ಊರ ಜಾತ್ರೆಯಲ್ಲಿ ಯಕ್ಷಗಾನವಾಯಿತು. ಕುಂಬಳೆಯ ಪಾರ್ತಿಸುಬ್ಬನ ವಿಷಯವಾಗಿ ಬರೆದರೆ ಎಷ್ಟು ಚೆನ್ನ ಎನಿಸಿತು. ಎರಡು ಪುಟ ಬರೆಯುವುದರೊಳಗೆ ಒಂದು ಪತ್ತೇದಾರಿ ಕತೆಯು ಹೊಳೆಯಿತು. ಅದರ ಕಳ್ಳನು ಸಿಕ್ಕುವ ಮೊದಲೇ ಒಂದು ನಾಟಕವು ಕರೆಯಿತು. ವರ್ಷದ ಕೊನೆಗೆ ಅವನಲ್ಲಿ ನಾಲ್ಕು ಆರಂಭಗಳಿವೆ, ಒಂದು ಮುಕ್ತಾಯವೂ ಇಲ್ಲ. ಕಳ್ಳನು ಸಿಕ್ಕದಿದ್ದರೆ ಲೋಕಕ್ಕೇನೂ ನಷ್ಟವಿಲ್ಲ. ಪಾರ್ತಿಸುಬ್ಬನ ವಿಷಯವಾಗಿ ಬರೆಯುವ ವಿದ್ವಾಂಸರು ಬೇರೆ ಇದ್ದಾರೆ. ಆದರೆ ಎಂಬತ್ತು ದಾಟಿದ ಆ ಅಜ್ಜಿಯು ಬಲ್ಲ ಮಾತುಗಳನ್ನು ಅವನಲ್ಲದೆ ಯಾರು ಬರೆಯುವರು? ಮುಂದಿನ ವರ್ಷ ಅವನು ಪುಸ್ತಕವನ್ನು ಬಿಚ್ಚಬಹುದು. ಕೇಳಲು ಅಜ್ಜಿಯು ಇರುವಳೆಂಬ ನಿಶ್ಚಯವಿಲ್ಲ.

ಸುರಂಗದ ಪಾಠ

ನಮ್ಮ ಕಾಸರಗೋಡು ಸೀಮೆಯಲ್ಲಿ ಗುಡ್ಡದ ಬದಿಯ ಮುರಕಲ್ಲಿನಲ್ಲಿ ಅಡ್ಡಲಾಗಿ ಸುರಂಗವನ್ನು ಕೊರೆದು ನೀರು ತೆಗೆಯುವ ಪದ್ಧತಿಯನ್ನು ನೀವು ನೋಡಿದ್ದೀರಿ. ಒಬ್ಬನು ನಿಂತು ಕೆಲಸ ಮಾಡುವಷ್ಟೇ ಇಕ್ಕಟ್ಟಾದ ದಾರಿ, ಒಳಗೆ ಕತ್ತಲೆ, ಅಗೆದ ಮಣ್ಣನ್ನು ಹೊತ್ತು ಹೊರಗೆ ಹಾಕಬೇಕು. ಬಹುದೂರದವರೆಗೆ ಒಣಮಣ್ಣು. ಆಮೇಲೆ ಮಣ್ಣಿನ ಬಣ್ಣ ಬದಲಾಗುತ್ತದೆ, ಕೈಗೆ ತಂಪು ತಾಗುತ್ತದೆ, ಕೊನೆಗೆ ನೀರು ಒಸರುತ್ತದೆ. ಅಲ್ಲಿಂದ ಮುಂದೆ ಪಂಪಿನ ಅಗತ್ಯವೂ ಇಲ್ಲ. ಇಳಿಜಾರಿನಲ್ಲಿ ನೀರು ತಾನೇ ಹರಿದು ಅಂಗಳದ ಕೆರೆಯನ್ನು ಸೇರುತ್ತದೆ. ಹತ್ತು ಕಡೆಗಳಲ್ಲಿ ಹತ್ತು ಹತ್ತು ಕೋಲು ಅಗೆದವನೂ ಒಂದೇ ಕಡೆ ನೂರು ಕೋಲು ಅಗೆದವನೂ ಹೊತ್ತ ಮಣ್ಣು ಒಂದೇ ಪ್ರಮಾಣದ್ದು. ನೀರನ್ನು ಕುಡಿಯುವವನು ಮಾತ್ರ ಸಾಮಾನ್ಯವಾಗಿ ಎರಡನೆಯವನು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನೀರಿಲ್ಲದ ಕಡೆ ಅಗೆಯುತ್ತಲೇ ಇರುವುದು ಮೂಢತನವಲ್ಲವೇ? ನಿಜ. ದಕ್ಷಿಣ ಕನ್ನಡ ಜಿಲ್ಲೆಯ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ನೀರು ತಂದು ತೋಟ ಬೆಳೆಸಿದವರು. ಭಾರತ ಸರಕಾರವು 2022ರಲ್ಲಿ ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಅವರು ಮೊದಲು ಕೊರೆದ ಹಲವು ಸುರಂಗಗಳಲ್ಲಿ ನೀರು ದೊರೆಯಲಿಲ್ಲ. ಅವುಗಳನ್ನು ಬಿಟ್ಟು ಬೇರೆ ಕಡೆ ಅಗೆದರು. ಆದರೆ ಅವರು ಸುರಂಗವನ್ನು ಬದಲಿಸಿದರೇ ಹೊರತು ಉದ್ದೇಶವನ್ನು ಬದಲಿಸಲಿಲ್ಲ. ಬರಹದಲ್ಲಿಯೂ ಹಾಗೆಯೇ. ಅಧ್ಯಾಯವನ್ನು ಹರಿದು ಮತ್ತೆ ಬರೆಯುವುದು, ಕ್ರಮವನ್ನು ಮಾರ್ಪಡಿಸುವುದು, ಬೇರೊಬ್ಬ ಹಿರಿಯರನ್ನು ಕೇಳುವುದು ಇವೆಲ್ಲ ಸುರಂಗವನ್ನು ಬದಲಿಸಿದಂತೆ; ಇವು ದೋಷಗಳಲ್ಲ. ನೀರನ್ನೇ ಮರೆತು ಹೊಸ ಗುಡ್ಡದ ಚೆಲುವಿಗೆ ಮರುಳಾಗುವುದು ದೋಷ.

ಕಿಟ್ಟೆಲರ ನಿಘಂಟು

ಈಗ ಬರಹದಲ್ಲಿಯೇ ಒಂದು ದೊಡ್ಡ ನಿದರ್ಶನವನ್ನು ನೋಡೋಣ. ಫರ್ಡಿನಾಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯ ಉತ್ತರ ಭಾಗದಲ್ಲಿ ಹುಟ್ಟಿದರು. ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದುದೂ ಅದೇ 1832ರಲ್ಲಿ ಎಂಬುದು ಒಂದು ಸ್ವಾರಸ್ಯ. ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ನಮ್ಮ ದೇಶಕ್ಕೆ ಬಂದು ಕನ್ನಡವನ್ನು ಆಳವಾಗಿ ಅಭ್ಯಸಿಸಿದರು. ಕನ್ನಡಕ್ಕೆ ಹೊಸದಾದ ಒಂದು ದೊಡ್ಡ ನಿಘಂಟನ್ನು ರಚಿಸುವ ಹೊಣೆಯು ಅವರ ಮೇಲೆ ಬಿತ್ತು. ಸುಮಾರು ಎರಡು ದಶಕಗಳ ದುಡಿಮೆಯ ಅನಂತರ, 1894ರಲ್ಲಿ, ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿತು. ಅದರಲ್ಲಿ 1,700ಕ್ಕೂ ಹೆಚ್ಚು ಪುಟಗಳು, ಸುಮಾರು 70,000 ಶಬ್ದಗಳು. ಆಗ ಕಾಸರಗೋಡೂ ಮಂಗಳೂರೂ ಒಂದೇ ಜಿಲ್ಲೆಯಲ್ಲಿದ್ದುವು. ಇಂದು ನಡುವೆ ರಾಜ್ಯದ ಗಡಿಯಿದ್ದರೂ ದೂರವು ಸುಮಾರು 50 ಕಿಲೋಮೀಟರು ಮಾತ್ರ.

ನಿಘಂಟನ್ನು ಬರೆಯುವವನಿಗೆ ಇರುವಷ್ಟು ಪ್ರಲೋಭನೆಗಳು ಬೇರೆ ಯಾರಿಗೂ ಇರಲಾರವು. ಪ್ರತಿಯೊಂದು ಶಬ್ದವೂ ಒಂದು ಬಾಗಿಲು. ಒಂದು ಶಬ್ದವು ಹಳೆಯ ಕಾವ್ಯದ ಕಡೆಗೆ ಕರೆಯುತ್ತದೆ. ಇನ್ನೊಂದು ಗಾದೆಗಳ ಕಡೆಗೆ. ಮತ್ತೊಂದು ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳ ನಂಟುತನದ ಕಡೆಗೆ. ಪ್ರತಿಯೊಂದು ಬಾಗಿಲಲ್ಲಿಯೂ ಒಳಹೊಕ್ಕು ಕುಳಿತರೆ ‘ಅ’ಕಾರವನ್ನು ದಾಟುವುದಕ್ಕೆ ಆಯುಷ್ಯವು ಸಾಲದು. ಕಿಟ್ಟೆಲರು ಕೇವಲ ಕೋಶಕಾರರೂ ಆಗಿರಲಿಲ್ಲ. ಕನ್ನಡದ ಮಟ್ಟುಗಳಲ್ಲಿ ಯೇಸುವಿನ ಚರಿತ್ರೆಯನ್ನು ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿಯೇ ಪ್ರಕಟಿಸಿದ್ದರು. ಹೀಗೆ ಪದ್ಯರಚನೆ, ವ್ಯಾಕರಣ, ಛಂದಸ್ಸು, ಧರ್ಮಗಳ ಇತಿಹಾಸ ಎಲ್ಲವೂ ಅವರನ್ನು ಸೆಳೆಯುವಂತಹವೇ ಆಗಿದ್ದುವು.

ಅವರು ಏನು ಮಾಡಿದರೆಂಬುದನ್ನು ಇಸವಿಗಳೇ ಹೇಳುತ್ತವೆ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಅಚ್ಚುಮಾಡಿಸಿದರು. ಮೇಲುನೋಟಕ್ಕೆ ಇವು ಬೇರೆ ಕೆಲಸಗಳೆಂದು ತೋರಬಹುದು. ಆದರೆ ಈ ಎರಡು ಗ್ರಂಥಗಳೂ ನಿಘಂಟಿಗೆ ಆಧಾರಗಳಾದುವು. ಶಬ್ದಗಳ ರೂಪವನ್ನೂ ಅರ್ಥವನ್ನೂ ಸ್ಥಾಪಿಸುವಲ್ಲಿ ಅವರು ಇವುಗಳನ್ನು ಉದಾಹರಿಸಿದ್ದಾರೆ. ಅಂದರೆ ಕೈಯಲ್ಲಿದ್ದ ಕೆಲಸಕ್ಕೆ ನೀರೆರೆಯುವ ಯೋಚನೆಗೆ ಅವರು ಎಡೆಕೊಟ್ಟರು. ಇನ್ನು ಅವರದೇ ಆದ ಕನ್ನಡ ವ್ಯಾಕರಣದ ಮಾತು. ಕೇಶಿರಾಜನನ್ನು ಸಂಪಾದಿಸಿದವರಿಗೆ ವ್ಯಾಕರಣದ ಆಸಕ್ತಿ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಆದರೂ ಅವರು ಇಂಗ್ಲಿಷಿನಲ್ಲಿ ಬರೆದ ದೊಡ್ಡ ಕನ್ನಡ ವ್ಯಾಕರಣವು ಪ್ರಕಟವಾದುದು 1903ರಲ್ಲಿ, ಎಂದರೆ ನಿಘಂಟು ಮುಗಿದು ಒಂಬತ್ತು ವರ್ಷಗಳಾದ ಮೇಲೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ವ್ಯಾಕರಣವು ಕಾದಿತ್ತು, ಕಾದುದರಿಂದ ಕೆಡಲಿಲ್ಲ. ನಿಘಂಟಿಗಾಗಿ 70,000 ಶಬ್ದಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದವರು ಬರೆದ ವ್ಯಾಕರಣಕ್ಕೆ ಆ ಪರಿಶ್ರಮದ ಬಲವೂ ಕೂಡಿತು.

ನಡುವೆ ಕೆಲವು ವರ್ಷ ಅವರು ಸ್ವದೇಶದಲ್ಲಿದ್ದರು. ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪವು ಬೇಕಿರಲಿಲ್ಲ. ಅವರು ಮತ್ತೆ ಇಲ್ಲಿಗೆ ಬಂದು, ಕನ್ನಡ ಬಲ್ಲ ಪಂಡಿತರ ನೆರವಿನಿಂದ ಶಬ್ದಗಳನ್ನು ಪರಿಶೀಲಿಸಿ ಕೆಲಸವನ್ನು ಮುಂದುವರಿಸಿದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಮುಗಿದ ಬರಹವನ್ನು ಮುಂದಿನವರು ಬೆಳೆಸಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ನಮ್ಮವರಲ್ಲಿಯೂ ಇಂತಹ ನಿಷ್ಠೆಗೆ ಕೊರತೆಯಿಲ್ಲ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು 1936ರಲ್ಲಿ ತೊಡಗಿ 1945ರಲ್ಲಿ ಮುಗಿಸಿದರು. ಒಂಬತ್ತು ವರ್ಷ ಒಂದೇ ಕಾವ್ಯವನ್ನು ಕೈಬಿಡದೆ ನಡೆಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ ಎಂಟನೆಯ, ಕೊನೆಯ, ಸಂಪುಟವು 1995ರಲ್ಲಿಯೂ ಪ್ರಕಟವಾಯಿತು. ಆರಂಭಿಸಿದವರೆಲ್ಲರೂ ಅದರ ಅಂತ್ಯವನ್ನು ಕಾಣಲಿಲ್ಲ. ಆದರೆ ಕೆಲಸವು ಕ್ರಮಬದ್ಧವಾಗಿದ್ದುದರಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಮುಗಿಯಿತು. ಸಂಸ್ಕೃತದಲ್ಲಿ ಬಾಣನ ‘ಕಾದಂಬರಿ’ಯನ್ನು ಅವನ ಮಗನು ಪೂರ್ಣಗೊಳಿಸಿದನು, ಆ ಕಥೆಯನ್ನೇ ನಾಗವರ್ಮನು ಕನ್ನಡದ ಚಂಪುವಾಗಿ ನಮಗೆ ಕೊಟ್ಟನು. ಮೃತ್ಯುವು ತಡೆದ ಬರಹವನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಬರೆಯುವವನೇ ಬೇಸತ್ತು ಎಸೆದುದನ್ನು ಎತ್ತಿಕೊಳ್ಳುವವರು ವಿರಳ.

ಆಚರಣೆಗೆ ಕೆಲವು ಉಪಾಯಗಳು

ಮೊದಲನೆಯದು: ಎಲ್ಲೆಯನ್ನು ಮೊದಲೇ ಗೊತ್ತುಮಾಡಿರಿ. ನಿಘಂಟಿಗೆ ‘ಅ’ಕಾರದಿಂದ ‘ಳ’ಕಾರದವರೆಗೆ ಎಂಬ ಎಲ್ಲೆಯಿದೆ. ನಿಮ್ಮ ಬರಹಕ್ಕೂ ಹಾಗೊಂದು ಎಲ್ಲೆಯಿರಲಿ. ‘ಅಡಿಕೆತೋಟದ ಇನ್ನೂರು ಮಾತುಗಳು’ ಎಂದು ಮೊದಲ ಪುಟದಲ್ಲಿಯೇ ಬರೆಯಿರಿ. ಕೊನೆಯು ಕಾಣದ ದಾರಿಯಲ್ಲಿಯೇ ಅಡ್ಡದಾರಿಗಳು ಹೆಚ್ಚಾಗಿ ಕರೆಯುತ್ತವೆ.

ಎರಡನೆಯದು: ಹೊಸ ಯೋಚನೆಗೆಂದು ಒಂದು ಬೇರೆ ಪುಸ್ತಕವನ್ನಿಡಿರಿ. ಅದಕ್ಕೆ ‘ಕಾಯುವ ಪುಸ್ತಕ’ವೆಂದು ಹೆಸರಿಡಬಹುದು. ಹೊಳೆದುದನ್ನು ತಾರೀಖು ಸಹಿತ ನಾಲ್ಕೇ ಸಾಲುಗಳಲ್ಲಿ ಬರೆದು ಮುಚ್ಚಿಬಿಡಿರಿ. ಯೋಚನೆಯನ್ನು ಓಡಿಸಬೇಕಾಗಿಲ್ಲ, ಜಗಲಿಯಲ್ಲಿ ಕುಳ್ಳಿರಿಸಿದರೆ ಸಾಕು. ಮರೆತುಹೋಗುವುದೆಂಬ ಭಯವು ಇದರಿಂದ ನೀಗುತ್ತದೆ. ಹೊಸದರ ಒತ್ತಾಯಕ್ಕೆ ಅರ್ಧ ಬಲವು ಆ ಭಯದಿಂದಲೇ ಬಂದುದು. ಆರು ತಿಂಗಳ ಮೇಲೆ ತೆರೆದು ನೋಡಿದರೆ ಕೆಲವು ಬಾಡಿರುತ್ತವೆ, ಕೆಲವು ಬೇರೂರಿರುತ್ತವೆ. ಬೇರೂರಿದುದೇ ನಿಮ್ಮ ಮುಂದಿನ ಬರಹ.

ಮೂರನೆಯದು: ಹೊಸ ಯೋಚನೆಗೆ ಒಂದು ಪ್ರಶ್ನೆಯನ್ನು ಹಾಕಿರಿ. ‘ನೀನು ನನ್ನ ಈಗಿನ ಬರಹಕ್ಕೆ ಉಪಯೋಗವಾಗುವೆಯಾ?’ ಉಪಯೋಗವಾಗುವುದಾದರೆ ಒಳಗೆ ಬರಲಿ. ಯಕ್ಷಗಾನವನ್ನು ನೋಡಿ ಬಂದ ಹುಡುಗನು ಹಾಡಿನಲ್ಲಿ ಅಡಿಕೆಯ ಹೆಸರು ಬಂದಿದ್ದರೆ ಅದನ್ನು ತನ್ನ ಪದಪುಸ್ತಕದಲ್ಲಿ ಬರೆದುಕೊಳ್ಳಲಿ. ಪಾರ್ತಿಸುಬ್ಬನ ಚರಿತ್ರೆಯು ಕಾಯಲಿ.

ನಾಲ್ಕನೆಯದು: ದಿನದ ಅಳತೆಯನ್ನು ಸಣ್ಣದಾಗಿಡಿರಿ, ತಪ್ಪಿಸಬೇಡಿರಿ. ದಿನಕ್ಕೆ ಅರ್ಧ ಪುಟದಂತೆ ಇನ್ನೂರು ದಿನ ಬರೆದರೆ ನೂರು ಪುಟಗಳಾದುವು. ಅದು ಒಂದು ಪುಸ್ತಕವೇ ಸರಿ. ಏಳುವ ಮುನ್ನ ನಾಳೆ ಬರೆಯಬೇಕಾದುದನ್ನು ಒಂದು ಸಾಲಿನಲ್ಲಿ ಗುರುತು ಮಾಡಿರಿ. ಮರುದಿನ ಎಲ್ಲಿಂದ ತೊಡಗಲೆಂದು ತೋಚದೆ ಕುಳಿತಿರುವ ಗಳಿಗೆಯೇ ಹೊಸ ಯೋಚನೆಗೆ ಪ್ರಿಯವಾದ ಗಳಿಗೆ.

ಐದನೆಯದು: ಬಿಡಲೇಬೇಕೆಂದು ತೋರಿದರೆ ಬೇಸರದ ದಿನದಲ್ಲಿ ನಿರ್ಧರಿಸಬೇಡಿರಿ. ಬರಹವು ಚೆನ್ನಾಗಿ ಸಾಗಿದ ದಿನ ಮತ್ತೊಮ್ಮೆ ಆಲೋಚಿಸಿರಿ. ಬೇಕಾದ ಸಾಮಗ್ರಿಯೇ ದೊರೆಯದೆಂದು ಆಗಲೂ ಕಂಡರೆ ಬಿಡಬಹುದು. ಆದರೆ ಎಲ್ಲಿಯವರೆಗೆ ಬಂದಿದೆ, ಏನು ಉಳಿದಿದೆ ಎಂಬುದನ್ನು ಕೊನೆಯ ಪುಟದಲ್ಲಿ ಬರೆದಿಡಿರಿ. ಇನ್ನೊಬ್ಬರಿಗೆ ಅದು ದಾರಿಯಾದೀತು.

ಹೆತ್ತವರಲ್ಲಿ ಒಂದು ಮಾತು

ಮಕ್ಕಳು ಹೊಸದೊಂದನ್ನು ತೊಡಗಿದಾಗ ಮನೆಯಲ್ಲಿ ಮೆಚ್ಚುಗೆ ದೊರೆಯುತ್ತದೆ. ಬಂದ ನೆಂಟರಿಗೆ ಮೊದಲ ಪುಟವನ್ನು ತೋರಿಸಲಾಗುತ್ತದೆ. ನಡುವಿನ ಪುಟವನ್ನು ಯಾರೂ ಕೇಳುವುದಿಲ್ಲ. ತೊಡಗುವುದಕ್ಕೇ ಬಹುಮಾನ ಸಿಕ್ಕುವುದಾದರೆ ಮಗುವು ತೊಡಗುತ್ತಲೇ ಇರುತ್ತದೆ. ಆದುದರಿಂದ ‘ಹೊಸದೇನು ಬರೆದೆ?’ ಎನ್ನುವ ಬದಲು ‘ಆ ಹಳೆಯದು ಎಲ್ಲಿಗೆ ಬಂತು?’ ಎಂದು ಕೇಳಿರಿ. ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ಗಳಿಗೆಗೊಂದು ಹೊಸ ನೋಟವು ಮಕ್ಕಳನ್ನು ಕರೆಯುತ್ತಿರುವಾಗ ಈ ಒಂದು ಪ್ರಶ್ನೆಯು ದೊಡ್ಡ ಆಸರೆಯಾಗುತ್ತದೆ. ಸಂಜೆ ಅರ್ಧ ಗಂಟೆಯ ನಿಶ್ಶಬ್ದವನ್ನೂ ಅವರಿಗೆ ಒದಗಿಸಿಕೊಟ್ಟರೆ ಉಪಕಾರ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೆಯೂ ಇಲ್ಲಿ ಕನ್ನಡವು ಉಳಿದುಬಂದುದು ಮನೆಯ ಮಾತಿನಿಂದ, ಶಾಲೆಯ ಪಾಠದಿಂದ, ಬರೆದಿಟ್ಟ ಪುಸ್ತಕಗಳಿಂದ. ಕಿಟ್ಟೆಲರ ಕೋಶದಂತಹ ದೊಡ್ಡ ನಿಘಂಟುಗಳಲ್ಲಿಯೂ ನಮ್ಮ ತೋಟದ, ಅಡಿಗೆಮನೆಯ, ಸುರಂಗದ ಮಾತುಗಳೆಲ್ಲ ಅಡಗಿವೆಯೆಂದು ತಿಳಿಯಲಾಗದು. ಉಳಿದುದನ್ನು ಕೂಡಿಸುವ ಕೆಲಸ ನಮ್ಮದು. ದೊಡ್ಡ ಊರುಗಳಲ್ಲಿ ಒಬ್ಬನು ಬಿಟ್ಟುದನ್ನು ಇನ್ನೊಬ್ಬನು ಬರೆದಾನು. ಗಡಿನಾಡಿನ ಒಂದು ಮನೆಯ ಮಾತನ್ನು ಆ ಮನೆಯ ಮಗುವೇ ಬರೆಯಬೇಕು, ಬರೆದು ಮುಗಿಸಬೇಕು.

ಅಭ್ಯಾಸ

1. ನೀವು ಅರ್ಧದಲ್ಲಿ ನಿಲ್ಲಿಸಿದ ಬರಹಗಳ ಪಟ್ಟಿ ಮಾಡಿರಿ. ಅವುಗಳಲ್ಲಿ ಯಾವುದನ್ನು ನಿಮ್ಮ ಹೊರತು ಬೇರೆ ಯಾರೂ ಬರೆಯಲಾರರೋ ಅದಕ್ಕೆ ಗುರುತು ಹಾಕಿರಿ.

2. ಗುರುತು ಹಾಕಿದ ಬರಹಕ್ಕೆ ಒಂದು ಎಲ್ಲೆಯನ್ನೂ ದಿನದ ಅಳತೆಯನ್ನೂ ಗೊತ್ತುಮಾಡಿ, ಮನೆಯ ಹಿರಿಯರೊಬ್ಬರಿಗೆ ತಿಳಿಸಿರಿ.

3. ‘ಕಾಯುವ ಪುಸ್ತಕ’ವೊಂದನ್ನು ಹೊಲಿದುಕೊಳ್ಳಿರಿ. ಅದು ಬರಹದ ಪುಸ್ತಕಕ್ಕಿಂತ ತೆಳ್ಳಗಿರಲಿ.

ಮುಂದಿನ ಸಂಚಿಕೆಗೆ ನಿಮ್ಮಿಂದ ಹೊಸ ತಲೆಬರಹಗಳಿಗಿಂತಲೂ ಮುಗಿದ ಕೊನೆಯ ಪುಟಗಳು ಹೆಚ್ಚಾಗಿ ಬರಲೆಂದು ಹಾರೈಸುತ್ತೇವೆ.